ಬಿಳಿ ನಾಯಿಯ ಊಟದ ಹೊತ್ತು

ಮಧ್ಯಾಹ್ನದ ಹೊತ್ತಿಗೆ ಅಮ್ಮನ ಫೋನ್ ಬರುತ್ತದೆ. ಮಾತು ಯಾವತ್ತೂ ಒಂದೇ.

“ಊಟ ಆಯ್ತಾ?”

“ಆಯ್ತಮ್ಮ.”

“ತೊಂಡೆಕಾಯಿಗೆ ಉಪ್ಪು ಜಾಸ್ತಿ ಬಿದ್ದಿತ್ತು ಕಾಣ್ತದೆ.”

“ಸರಿ ಇತ್ತು.”

ಆ ಹೊತ್ತಿಗೆ ಡಬ್ಬಿ ನನ್ನ ಚೀಲದಿಂದ ಹೊರಗೇ ಬಂದಿರುವುದಿಲ್ಲ. ಅಮ್ಮ ಈ ಪ್ರಶ್ನೆಯನ್ನು ಸಿಕ್ಕವರಿಗೆಲ್ಲ ಕೇಳುತ್ತಾಳೆ. ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೆ, ಲಿಫ್ಟ್ ರಿಪೇರಿಗೆ ಬಂದವನಿಗೆ, ಒಮ್ಮೆ ಸಾಲ ಬೇಕೇ ಎಂದು ಫೋನ್ ಮಾಡಿದ ಬ್ಯಾಂಕಿನ ಹುಡುಗಿಗೂ ತನ್ನ ಉಡುಪಿಯ ಹಿಂದಿಯಲ್ಲಿ “ಖಾನಾ ಹೋ ಗಯಾ ಕ್ಯಾ ಬೇಟಿ” ಎಂದು ಕೇಳಿದ್ದಳು. ಚಿಕ್ಕವಳಿದ್ದಾಗ ನನಗೆ ಇದರಿಂದ ನಾಚಿಕೆಯಾಗುತ್ತಿತ್ತು. ಯಾರಿಗೂ ಉತ್ತರ ಬೇಕಿಲ್ಲದ ಪ್ರಶ್ನೆಯನ್ನು ಯಾಕೆ ಕೇಳಬೇಕು ಎಂದು ನನಗೆ ತಿಳಿಯುತ್ತಿರಲಿಲ್ಲ. ಒಬ್ಬರು ಉಂಡರೋ ಬಿಟ್ಟರೋ ಎನ್ನುವುದು ಅವರ ಸ್ವಂತದ ವಿಷಯ ಎಂದುಕೊಂಡೇ ನಾನು ಬೆಳೆದೆ.

ಅಮ್ಮ ಉಡುಪಿಯಿಂದ ಬಂದು ಈ ಮಹಾನಗರದ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ನಾನು ಬರೆಯುವ ಕನ್ನಡ ಅವಳು ಕೊಟ್ಟದ್ದು. ವೃತ್ತಿ ಮಾತ್ರ ನಾನೇ ಹುಡುಕಿಕೊಂಡದ್ದು. ನಾನು ನಾಯಿ, ಬೆಕ್ಕುಗಳ ಒಳರೋಗಗಳ ವೈದ್ಯೆ. ಶಸ್ತ್ರಚಿಕಿತ್ಸೆ ಮಾಡುವುದಿಲ್ಲ, ಮುರಿದ ಕಾಲು ಕೂಡಿಸುವುದಿಲ್ಲ. ಸಕ್ಕರೆ ಕಾಯಿಲೆ, ಕಿಡ್ನಿ, ಲಿವರ್, ಕಾರಣ ಸಿಗದ ಜ್ವರ, ಕಾರಣ ಸಿಗದ ವಾಂತಿ ಇಂಥವು ನನ್ನ ಪಾಲಿಗೆ ಬರುತ್ತವೆ. ಬೇರೆ ವೈದ್ಯರು ನೋಡಿ, ತಲೆ ಕೆರೆದು, ಮುಲುಂಡಿನ ನಮ್ಮ ಕ್ಲಿನಿಕ್ಕಿಗೆ ಕಳಿಸುತ್ತಾರೆ. “ನಾಯಿಗೂ ಫಿಸಿಶಿಯನ್ನಾ ಮಾರಾಯ್ತಿ? ಅಷ್ಟು ಓದುವುದಾದರೆ ಮನುಷ್ಯರಿಗೇ ಓದಬಹುದಿತ್ತಲ್ಲ” ಎಂದು ನಮ್ಮ ಕಡೆಯ ಮದುವೆಮನೆಗಳಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮನುಷ್ಯರ ಹತ್ತಿರ ಅಷ್ಟು ಮಾತಾಡಬೇಕಾಗುತ್ತದೆ ಎಂಬ ಕಾರಣಕ್ಕೇ ನಾನು ಈ ಕಡೆ ಬಂದೆ ಎಂದು ಅವರಿಗೆ ಹೇಳುವುದಿಲ್ಲ. ಬಂದ ಮೇಲೆ ಗೊತ್ತಾಯಿತು, ಇಲ್ಲಿ ರೋಗಿಗೆ ಬಾಯಿಲ್ಲದ ಕಾರಣ ಎಲ್ಲವನ್ನೂ ಮನುಷ್ಯರ ಬಾಯಿಂದಲೇ ತೆಗೆಯಬೇಕು. ಏನು ತಿಂದಿತು, ಎಷ್ಟು ನೀರು ಕುಡಿಯಿತು, ಎಲ್ಲಿ ಮಲಗಿತು. ನನ್ನ ಅರ್ಧ ಕೆಲಸ ಪ್ರಶ್ನೆ ಕೇಳುವುದು. ನಾನು ಚೆನ್ನಾಗಿಯೇ ಕೇಳುತ್ತೇನೆ ಎಂದುಕೊಂಡಿದ್ದೆ.

ಬಿಳಿ ನಾಯಿ ಬಂದದ್ದು ಒಂದು ಮಳೆಗಾಲದ ಕೊನೆಗೆ. ಘಾಟ್ಕೋಪರದ ಒಂದು ಗುಜರಾತಿ ಜೈನ ಮನೆಯ ನಾಯಿ. ಮನೆಯವರು ಪೊಮೇರಿಯನ್ ಎನ್ನುತ್ತಿದ್ದರು, ಇಲ್ಲಿ ಎಲ್ಲರೂ ಹಾಗೇ ಅನ್ನುವುದು. ಅದು ಸ್ಪಿಟ್ಜ್. ಬೊಗಸೆಗಟ್ಟಲೆ ನೀರು ಕುಡಿಯುತ್ತಿತ್ತು, ಮೈ ಇಳಿದಿತ್ತು, ಎರಡೂ ಕಣ್ಣುಗಳಲ್ಲಿ ಪೊರೆ ಬಂದು ಹಾಲು ತುಂಬಿದ ಹಾಗಿತ್ತು. ಸಕ್ಕರೆ ಕಾಯಿಲೆ ಎಂದು ಹೇಳಲು ಕಷ್ಟವೇನೂ ಇರಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಊಟ, ಊಟವಾದ ಮೇಲೆ ಇನ್ಸುಲಿನ್ ಸೂಜಿ. ಊಟವಿಲ್ಲದೆ ಇನ್ಸುಲಿನ್ ಕೊಟ್ಟರೆ ರಕ್ತದ ಸಕ್ಕರೆ ಕುಸಿದು ನಾಯಿಗೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು ಎಂದು ನಾನು ಎರಡು ಸಲ ಹೇಳಿದೆ.

ಕೇಳಿಸಿಕೊಂಡವರು ಆ ಮನೆಯ ಸೊಸೆ. ನನಗಿಂತ ಸ್ವಲ್ಪ ದೊಡ್ಡವರು, ಫೋರ್ಟ್ ಕಡೆ ಯಾವುದೋ ಆಫೀಸಿನಲ್ಲಿ ಕೆಲಸ. ಚುರುಕಾಗಿ ಕೇಳುತ್ತಿದ್ದರು, ಚುಟುಕಾಗಿ ಉತ್ತರಿಸುತ್ತಿದ್ದರು, ಸೂಜಿ ಹಾಕಲು ಒಂದೇ ಸಲಕ್ಕೆ ಕಲಿತರು. ಇಂಥವರು ಸಿಕ್ಕರೆ ನನಗೆ ಸಂತೋಷ. ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದವರು ಅವರ ಅತ್ತೆ. ತಿಳಿಬಣ್ಣದ ಹತ್ತಿ ಸೀರೆಯ ಸಣ್ಣ ಆಳು. ಮನೆಯಲ್ಲಿ, ಬಿಲ್ಡಿಂಗಿನಲ್ಲಿ ಎಲ್ಲರೂ ಅವರನ್ನು ಬಾ ಎನ್ನುತ್ತಾರೆ, ಗುಜರಾತಿಯಲ್ಲಿ ಅಮ್ಮ ಎಂದ ಹಾಗೆ. ನಾನೂ ಬಾ ಎಂದೆ. ಅವರು ನನ್ನನ್ನು ದೀಕ್ರಿ ಎಂದರು, ಅಂದರೆ ಮಗಳು. ನಮ್ಮ ನಡುವೆ ಬಹಳ ದಿನ ಇಷ್ಟೇ ಮಾತು.

ಸೊಸೆಗೆ ರಜೆ ಇರುವ ಶನಿವಾರಗಳಂದು ಬರುತ್ತಿದ್ದರು. ಕಿವಿಯಂಚಿಗೆ ಸಣ್ಣಗೆ ಚುಚ್ಚಿ ಸಕ್ಕರೆ ನೋಡುವುದು, ಡೋಸ್ ಸರಿ ಮಾಡುವುದು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇದು ಹದಕ್ಕೆ ಬರುತ್ತದೆ. ಬಿಳಿ ನಾಯಿಯದು ಬರಲಿಲ್ಲ. ಒಂದು ಶನಿವಾರ ಸಕ್ಕರೆ ಆಕಾಶಕ್ಕೇರಿರುತ್ತಿತ್ತು. ಮುಂದಿನ ಶನಿವಾರ ಪಾತಾಳದಲ್ಲಿ, ಕಾಲು ನಡುಗುತ್ತ, ಜೊಲ್ಲು ಸುರಿಸುತ್ತ ನಿಂತಿರುತ್ತಿತ್ತು. ಮೇಲಿದ್ದ ವಾರ ಡೋಸ್ ಏರಿಸಿದೆ, ಕೆಳಗಿದ್ದ ವಾರ ಇಳಿಸಿದೆ. ಇದೊಂದು ಕ್ರಮವಿರಬಹುದೆಂದು ಅನುಮಾನ ಬಂದಾಗ ಎರಡು ಶನಿವಾರ ಸಾಲಾಗಿ ಕೆಳಗೇ ಇತ್ತು, ಅನುಮಾನವೂ ಕೈಬಿಟ್ಟಿತು.

ನಮ್ಮ ಕ್ಲಿನಿಕ್ಕಿನಲ್ಲಿ ಪ್ರಾಣಿಗಳನ್ನು ಹಿಡಿದುಕೊಳ್ಳಲು ವಿಜಯಪುರದ ಕಡೆಯವರೊಬ್ಬರು ಇದ್ದಾರೆ. ಎಲ್ಲರಿಗೂ ಕಾಕಾ. ಎಂಥ ಕಚ್ಚುವ ನಾಯಿಯನ್ನೂ ಮಾತಾಡಿಸುತ್ತಲೇ ಹಿಡಿಯುತ್ತಾರೆ. ಅವರ ಮಾತು ನಾಯಿಗೆ ಎಷ್ಟೋ ನನಗೂ ಅಷ್ಟೇ.

“ಹೋದ ವಾರ ಹುಲಿ ಆಗಿದ್ದಿ, ಈ ವಾರ ಇಲಿ ಆಗಿ ಬಂದೀ ಏನಪಾ?” ಎಂದು ನಾಯಿಗೆ ಹೇಳಿ ನನ್ನ ಕಡೆ ತಿರುಗಿದರು. “ಮೇಡಂ, ಇದ್ಕ ನಿಮ್ಮ ಔಷಧ ತಿಳೀವಲ್ದೋ, ನಿಮ್ಗ ಇದು ತಿಳೀವಲ್ದೋ?”

“ಎರಡೂ ಇರಬೇಕು ಕಾಕಾ.”

“ಉಣ್ಣಾಕರ ಹೋಗ್ರಿ. ಗ್ವಾಡಿ ನಿಮ್ಮ ಹಾದಿ ಕಾಯ್ತಿರತದ.”

ಇದು ಅವರ ಹಳೆಯ ಕೊಂಕು. ಔಷಧದ ಕಪಾಟುಗಳ ಹಿಂದೆ ಒಂದು ಸಣ್ಣ ಮೇಜಿದೆ, ಗೋಡೆಗೆ ತಾಗಿಸಿ ಹಾಕಿದ್ದು. ನಾನು ಅಲ್ಲಿ ಗೋಡೆಯ ಕಡೆ ಮುಖ ಮಾಡಿ ಊಟ ಮಾಡುತ್ತೇನೆ, ಮಾಡಿದ ದಿನ. “ಗ್ವಾಡಿ ಜೋಡಿ ಉಣ್ತೀರಲ್ರಿ, ಗ್ವಾಡಿ ಏನಂತದ?” ಎಂದು ಮೊದಲ ವಾರವೇ ಕೇಳಿದ್ದರು. ಜನರ ಎದುರು ತಿನ್ನುವುದು ನನಗೆ ಯಾವಾಗಲೂ ಕಷ್ಟ.

ಬಿಳಿ ನಾಯಿಗೆ ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಥೈರಾಯ್ಡ್, ಅಡ್ರಿನಲ್ ಗ್ರಂಥಿ, ಮೂತ್ರದ ಸೋಂಕು, ಹೊಟ್ಟೆಯ ಸ್ಕ್ಯಾನ್. ಒಂದು ದಿನ ಪೂರ್ತಿ ಕ್ಲಿನಿಕ್ಕಿನಲ್ಲೇ ಇರಿಸಿಕೊಂಡು ಆಗಾಗ ಸಕ್ಕರೆ ನೋಡೋಣ ಎಂದುಕೊಂಡರೆ ನಾಯಿ ಬಟ್ಟಲನ್ನು ಮೂಸಲೂ ಇಲ್ಲ. ಹೆದರಿಕೆ ಎಂದುಕೊಂಡು ಸಂಜೆ ಕಳಿಸಿದೆವು. ಸೊಸೆಯನ್ನು ಮತ್ತೆ ಮತ್ತೆ ಕೇಳಿದೆ. ಮನೆಯಲ್ಲಿ ಊಟ ಮಾಡುತ್ತದೆಯೆ? ಮಾಡುತ್ತದೆ, ಎರಡು ಹೊತ್ತೂ ಬಾ ಬಟ್ಟಲು ಇಡುತ್ತಾರೆ, ನಾನು ಬೆಳಿಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ, ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಬಟ್ಟಲು ಖಾಲಿ, ಆಮೇಲೇ ಸೂಜಿ. ಇನ್ಸುಲಿನ್ ಫ್ರಿಜ್ಜಿನಲ್ಲಿ ಇಡುತ್ತೀರಾ? ಹೌದು. ನಾನು ಹೇಳಿದ ಊಟವೇ ತಾನೆ? ಅದೇ, ಪನೀರ್, ಬೇಯಿಸಿದ ಕಾಳು, ತರಕಾರಿ. ಎಲ್ಲ ಉತ್ತರಗಳೂ ಸರಿಯಾಗಿದ್ದವು. ನಾಯಿ ಮಾತ್ರ ಸಾಯುವ ದಾರಿಯಲ್ಲಿತ್ತು. ಹೀಗೇ ಹೋದರೆ ಯಾವುದಾದರೂ ಮಧ್ಯಾಹ್ನ ಬಿದ್ದದ್ದು ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾಕೆ ಎಂದು ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಚಳಿ ಮುಗಿಯುವ ಹೊತ್ತಿಗೆ ಬಂತು, ವಾರದ ನಡುವೆ. ಬಾ ಒಬ್ಬರೇ ಆಟೋದಲ್ಲಿ ಬಂದಿಳಿದರು. ಸೀರೆಯ ಸೆರಗಿನಲ್ಲಿ ಸುತ್ತಿದ ನಾಯಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಕಾಕಾ ಏನೂ ಕೊಂಕಾಡದೆ ಎತ್ತಿಕೊಂಡು ಬಂದರು. ಮೀಟರಿನಲ್ಲಿ ಅಂಕಿಯೇ ಬರಲಿಲ್ಲ, ತೀರಾ ಕಡಿಮೆ ಎಂದಷ್ಟೇ ತೋರಿಸಿತು. ಮುಂಗಾಲಿನ ರಕ್ತನಾಳ ಹುಡುಕಿ ಗ್ಲೂಕೋಸ್ ಬಿಟ್ಟೆವು. ಸ್ವಲ್ಪ ಹೊತ್ತಿಗೆ ಬಾಲದ ತುದಿ ಅಲುಗಿತು, ತಲೆ ಎತ್ತಿತು, ಕಾಣದ ಕಣ್ಣುಗಳನ್ನು ಬಾ ಇದ್ದ ಕಡೆಗೇ ತಿರುಗಿಸಿತು.

“ಬದುಕಿದ ಬಿಡ್ರಿ, ಮಗಾ” ಎಂದು ಕಾಕಾ ಹೊರಗೆ ಹೋದರು.

ನಾನು ಸ್ಟೂಲ್ ಎಳೆದುಕೊಂಡು ಅವರ ಎದುರು ಕೂತೆ. ಮೊದಲ ಸಲ ನನ್ನ ಪ್ರಶ್ನೆಗಳನ್ನು ಅವರಿಗೆ ಕೇಳಬೇಕಿತ್ತು. ವಾಂತಿ? ಇಲ್ಲ. ಭೇದಿ? ಇಲ್ಲ. ಬೇರೆ ಮಾತ್ರೆ? ಇಲ್ಲ. ಬೆಳಿಗ್ಗೆ ಸೂಜಿ ಹಾಕಿದ್ದಾರಲ್ಲ? ಹಾಕಿದ್ದಾರೆ. ಬಟ್ಟಲು ಇಟ್ಟಿದ್ದಿರಲ್ಲ? ಇಟ್ಟಿದ್ದೆ. ನನ್ನಲ್ಲಿ ಪ್ರಶ್ನೆಗಳು ಮುಗಿದವು. ಬಾ ಅವರ ತುಟಿ ಒಣಗಿತ್ತು, ಬಿಸಿಲಲ್ಲಿ ಅಷ್ಟು ದೂರ ಬಂದಿದ್ದರು. ಕೇಳಲು ಏನೂ ಉಳಿಯದೆ, ಸುಮ್ಮನೆ ಕೂರಲೂ ಆಗದೆ, ನನ್ನ ಬಾಯಿಂದ ಅಮ್ಮನ ಪ್ರಶ್ನೆ ಬಂತು.

“ಬಾ, ನಿಮ್ಮದು ಊಟ ಆಯ್ತಾ?”

ಅವರು ನಕ್ಕರು. ಗುಜರಾತಿ ಬೆರೆತ ಹಿಂದಿಯಲ್ಲಿ, ಗುಟ್ಟು ಹೇಳುವವರ ಹಾಗೆ ಮುಂದಕ್ಕೆ ಬಾಗಿ ಹೇಳಿದರು. “ಇವತ್ತು ಉಪವಾಸ ದೀಕ್ರಿ. ನಮ್ಮಿಬ್ಬರದೂ.”

ಕೆಲವು ಕ್ಷಣ ಆ ಇನ್ನೊಬ್ಬರು ಯಾರು ಎಂದು ನನಗೆ ಹೊಳೆಯಲಿಲ್ಲ. ಬಾ ಅವರ ಕೈ ನಾಯಿಯ ತಲೆಯ ಮೇಲಿತ್ತು.

ಆಮೇಲೆ ಅವರು ವಿವರಿಸಿದರು. ಅವರು ವರ್ಷೀತಪದಲ್ಲಿದ್ದರು. ಒಂದು ದಿನ ಪೂರ್ತಿ ಉಪವಾಸ, ಕುದಿಸಿದ ನೀರು ಮಾತ್ರ, ಅದೂ ಹೊತ್ತು ಮುಳುಗುವವರೆಗೆ. ಮರುದಿನ ಊಟ. ಮತ್ತೆ ಉಪವಾಸ. ನಡುವೆ ಊಟದ ದಿನ ಚತುರ್ದಶಿ ಬಂದರೆ ಅಂದೂ ಉಪವಾಸ, ಊಟ ಮರುದಿನಕ್ಕೆ. ಹೀಗೆ ವರ್ಷಕ್ಕೂ ಮೀರಿ ನಡೆದು ಅಕ್ಷಯ ತದಿಗೆಯಂದು ಕಬ್ಬಿನ ಹಾಲು ಕುಡಿದು ಪಾರಣೆ. ಮೊದಲೆಲ್ಲ ನಾಯಿ ತನ್ನ ಪಾಡಿಗೆ ತಿನ್ನುತ್ತಿತ್ತು. ಮಳೆಗಾಲದಲ್ಲಿ ಕಣ್ಣು ಹೋದ ಮೇಲೆ ಬಾ ಅವರ ತಟ್ಟೆಯ ಸದ್ದು ಕೇಳುವವರೆಗೆ ಬಟ್ಟಲಿಗೆ ಬಾಯಿ ಹಾಕುವುದನ್ನು ಬಿಟ್ಟಿತು. ಬಾ ಉಣ್ಣುವ ದಿನ ಅದೂ ಉಣ್ಣುತ್ತಿತ್ತು. ಬಾ ಉಣ್ಣದ ದಿನ ಬಟ್ಟಲಿನ ಪಕ್ಕ ಮಲಗಿರುತ್ತಿತ್ತು. ಅನ್ನ ಹಾಳಾಗಬಾರದೆಂದು ಬಾ ಅದನ್ನು ಕಸ ಒಯ್ಯುವ ಹೆಂಗಸಿನ ಕೈಯಲ್ಲಿ ಕೆಳಗಿನ ಬೀದಿನಾಯಿಗಳಿಗೆ ಕಳಿಸುತ್ತಿದ್ದರು.

“ಯಾರಿಗೂ ಹೇಳಲಿಲ್ಲ. ತಪ ಮಾಡಿದ್ದನ್ನು ಹೇಳಿಕೊಂಡು ತಿರುಗಬಾರದು. ಅವನ ತಪವಾದರೂ ಅಷ್ಟೇ” ಎಂದರು. ಮುಖ ಬೆಳಗುತ್ತಿತ್ತು. “ಯಾವ ಜನ್ಮದ ಪುಣ್ಯವೋ, ಪ್ರಾಣಿಯಾಗಿ ಹುಟ್ಟಿ ಇಷ್ಟು ಮಾಡುತ್ತಾನೆ.”

ವಾರಕ್ಕೊಮ್ಮೆ ಬಂದರೆ ಒಂದು ಶನಿವಾರ ಊಟದ ದಿನ, ಮುಂದಿನದು ಉಪವಾಸದ ದಿನ. ಚತುರ್ದಶಿ ನಡುವೆ ಬಂದರೆ ಲೆಕ್ಕ ಪಲ್ಟಿ. ಅಷ್ಟು ತಿಂಗಳ ಗೋಜಲು ಒಂದೇ ಮಾತಿಗೆ ಬಿಚ್ಚಿಕೊಂಡಿತ್ತು. ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಬಾ ಅವರ ಸಂತೋಷ ನೋಡುತ್ತ ಕೂತಿದ್ದೆ, ಈಗ ನಾನು ಹೇಳಬೇಕಾದ್ದು ಅದನ್ನು ಏನು ಮಾಡುತ್ತದೆ ಎಂದು ತಿಳಿದಿತ್ತು. ಹೇಗೆ ಹೇಳಿದರೂ ಒಂದೇ, ಹಾಗಾಗಿ ನೇರವಾಗಿ ಹೇಳಿದೆ. ಸೂಜಿ ಹಾಕಿದ ದಿನ ಊಟವಿಲ್ಲದಿದ್ದರೆ ನಾಯಿ ಹೀಗೆ ಬೀಳುತ್ತದೆ. ಇಷ್ಟು ದಿನ ಬಿದ್ದದ್ದೂ ಅದಕ್ಕೇ.

ಬಾ ಅವರ ಕೈ ನಾಯಿಯ ತಲೆಯಿಂದ ಮೆಲ್ಲಗೆ ಎದ್ದಿತು. ಮುಟ್ಟಬಾರದ್ದನ್ನು ಮುಟ್ಟಿದವರ ಹಾಗೆ ಅದನ್ನು ಮಡಿಲಲ್ಲಿ ಇಟ್ಟುಕೊಂಡರು.

“ಅಂದರೆ ನನ್ನ ತಪದಿಂದ ಅವನಿಗೆ ಹಿಂಸೆ ಆಯ್ತಾ?”

ಇರುವೆ ತುಳಿಯದ ಹಾಗೆ ನೆಲ ನೋಡಿ ನಡೆಯುವ ಮನೆಯವರು. ಆ ಶಬ್ದದ ತೂಕ ಅವರಿಗೆ ಏನೆಂದು ನನಗೆ ಅಂದಾಜಿತ್ತು. ಹೌದು ಎನ್ನಲೋ ಇಲ್ಲ ಎನ್ನಲೋ ತಿಳಿಯದೆ, “ಗೊತ್ತಿಲ್ಲ ಬಾ” ಎಂದೆ.

ಸೊಸೆಗೆ ಫೋನ್ ಮಾಡಿದೆ. ಅವರು ರೈಲಿನಲ್ಲಿದ್ದರು. ಲೋಕಲ್‌ನ ಸದ್ದು ಕೇಳುತ್ತಿತ್ತು. “ಡಾಕ್ಟರ್, ನಮ್ಮತ್ತೆ ಯಾವ ದಿನ ಉಣ್ಣುತ್ತಾರೆ, ಯಾವ ದಿನ ಉಣ್ಣುವುದಿಲ್ಲ ಅನ್ನುವುದನ್ನ ನಾಯಿಯ ಡಾಕ್ಟರಿಗೆ ಹೇಳಬೇಕು ಅಂತ ನನಗೆ ಹೇಗೆ ಹೊಳೆಯಬೇಕು?” ಎಂದರು.

ತಿಂದದ್ದನ್ನು ಕಣ್ಣಾರೆ ಕಾಣದೆ ಪೂರ್ತಿ ಸೂಜಿ ಹಾಕಬಾರದು ಎಂದು ನಿಯಮ ಮಾಡಿದೆವು. ಬೀಳುವುದು ನಿಂತಿತು. ಆದರೆ ಅರ್ಧ ಸೂಜಿಯ ದಿನಗಳಲ್ಲಿ ಸಕ್ಕರೆ ಏರಿತು, ಒಂದು ದಿನ ಬಿಟ್ಟು ಒಂದು ದಿನ ಉಪವಾಸವಿದ್ದು ಮೊದಲೇ ಒಣಗಿದ ಮೈ ಇನ್ನಷ್ಟು ಒಣಗಿತು. ಇದು ಹೆಚ್ಚು ದಿನ ನಡೆಯುವ ಹಾಗಿರಲಿಲ್ಲ. ಅಕ್ಷಯ ತದಿಗೆಗೆ ಇನ್ನೂ ಸುಮಾರು ದಿನವಿತ್ತು. ನಾಯಿ ಎರಡೂ ಹೊತ್ತು, ಎಲ್ಲ ದಿನ ಉಣ್ಣಬೇಕಿತ್ತು. ಅಷ್ಟೇ. ಅಷ್ಟೇ ಆಗುತ್ತಿರಲಿಲ್ಲ. ಸೊಸೆ ಬಾ ಅವರ ಜಾಗದಲ್ಲಿ, ಅವರ ತಟ್ಟೆಯಲ್ಲಿ ಖಾಖರಾ ಇಟ್ಟುಕೊಂಡು ಕೂತು ಮುರಿದರು. ಖಾಖರಾ ಅಂದರೆ ಹಪ್ಪಳದ ಹಾಗೆ ಗರಿಗರಿಯಾದ ಒಣ ಚಪಾತಿ, ಮುರಿದರೆ ಪಕ್ಕದ ಕೋಣೆಗೂ ಕೇಳುತ್ತದೆ. ನಾಯಿ ತಲೆ ಎತ್ತಿತು, ಮೂಸಿತು, ಮತ್ತೆ ಮಲಗಿತು. ಬಾ ತಮ್ಮ ಕೈಯಿಂದಲೇ ತಿನ್ನಿಸಿದರು. ಮರ್ಯಾದೆಗೆ ಎಂಬ ಹಾಗೆ ಒಂದು ತುತ್ತು ಬಾಯಲ್ಲಿಟ್ಟುಕೊಂಡು ಆಮೇಲೆ ನೆಲದ ಮೇಲೆ ಇಟ್ಟಿತಂತೆ.

ಶನಿವಾರ ಬಂದಾಗ ನಾನು ಒಂದು ಮಾತು ಹೇಳಿದೆ. “ಬಾ, ನೀವು ಸುಮ್ಮನೆ ತಟ್ಟೆ ಇಟ್ಟುಕೊಂಡು, ಉಣ್ಣುವ ಹಾಗೆ ಸದ್ದು ಮಾಡಿದರೆ?”

ಅವರು ನನ್ನನ್ನು ನೋಡಿದರು. “ನಾಟಕ ಆಡಲಾ? ಕಣ್ಣಿಲ್ಲದವನ ಎದುರು?”

ನಾನು ಮೇಜಿನ ಮೇಲಿದ್ದ ಹತ್ತಿಯನ್ನು ಡಬ್ಬಿಗೆ ಹಾಕಿದೆ, ಮತ್ತೆ ತೆಗೆದೆ.

“ನಾನು ತಪ ಬಿಡುತ್ತೇನೆ” ಎಂದರು ಬಾ. “ನೀನು ಹೇಳು ದೀಕ್ರಿ. ಬಿಡು ಅಂತ ನೀನು ಹೇಳಿದರೆ ಇವತ್ತೇ ಬಿಡುತ್ತೇನೆ.”

ಬೇರೆ ಮನೆಯವರಿಗೆ ಔಷಧ ನಿಲ್ಲಿಸಿ ಎಂದು ಹೇಳಿದ್ದೇನೆ, ಇನ್ನು ಕಷ್ಟ ಕೊಡುವುದು ಬೇಡ ಎಂದು ಹೇಳಿದ್ದೇನೆ. ಆದರೆ ಇಂಥದ್ದೊಂದು ನನ್ನ ಬಾಯಿಂದ ಬರಬೇಕು ಎಂದು ಯಾರೂ ಕೇಳಿರಲಿಲ್ಲ. ನಾಯಿಯ ವೈದ್ಯೆಯಾಗಿ ಉತ್ತರ ಸ್ಪಷ್ಟವಿತ್ತು. ಹೊರಗೆ ಸೊಸೆ ತಗ್ಗಿದ ದನಿಯಲ್ಲಿ ಹೇಳಿದರು, “ಈಗ ಬಿಟ್ಟರೆ ಅವರು ಮೊದಲಿನ ಹಾಗೆ ಇರುವುದಿಲ್ಲ. ಅವನು ಹೋದರೂ ಇರುವುದಿಲ್ಲ. ದಯವಿಟ್ಟು ಏನಾದರೂ ಮಾಡಿ.” ಏನು ಎಂದು ಅವರೂ ಹೇಳಲಿಲ್ಲ. ನಾನು ಕೆಲವು ದಿನ ಸಮಯ ಕೊಡಿ ಎಂದೆ. ಯಾತಕ್ಕೆ ಸಮಯ ಎಂದು ನನಗೇ ಗೊತ್ತಿರಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಕೆಲಸದ ಸುದ್ದಿ ನಾನು ಹೇಳುವುದು ಕಡಿಮೆ, ಅವಳು ದೋಸೆಯ ಕಾವಲಿ ಒಲೆಯಿಂದ ಇಳಿಸಿ ಕೇಳಿದಳು.

“ಪಾಪ, ಅದಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ ಮಗಾ” ಎಂದಳು.

“ಅಮ್ಮ, ಅದು ನಾಯಿ. ಅದಕ್ಕೆ ಅಭ್ಯಾಸ ಆಗಿದೆ, ಅಷ್ಟೇ. ತಟ್ಟೆಯ ಸದ್ದು, ಆಮೇಲೆ ಊಟ.”

“ಹೌದಾ? ಸೊಸೆ ಸದ್ದು ಮಾಡಿದಾಗ ಯಾಕೆ ತಿನ್ಲಿಲ್ಲ ಹಾಗಾದರೆ?” ಎಂದು ಕಾವಲಿಯನ್ನು ಮತ್ತೆ ಒಲೆಗೆ ಇಟ್ಟಳು. “ನಾಯಿ ಸುದ್ದಿ ಬಿಡು. ನೀನು ದಿನಾ ಉಂಡೆ ಉಂಡೆ ಅಂತ ಸುಳ್ಳು ಹೇಳ್ತಿಯಲ್ಲ, ನನಗೆ ಗೊತ್ತಿಲ್ಲ ಅಂತ ಎಣಿಸಿದ್ದಾ? ಡಬ್ಬಿ ತೊಳೆಯುವುದು ಯಾರು?”

ನಾನು ದೋಸೆ ಮುರಿದು ಬಾಯಿಗಿಟ್ಟೆ.

ಆ ವಾರದ ಒಂದು ಉಪವಾಸದ ಬೆಳಿಗ್ಗೆ ಘಾಟ್ಕೋಪರಕ್ಕೆ ಹೋದೆ. ನಾಯಿ ಏನು ಮಾಡುತ್ತದೆ ಎಂದು ಕಣ್ಣಿಂದ ನೋಡುವುದಿತ್ತು. ಹಳೆಯ ಬಿಲ್ಡಿಂಗು, ಎರಡನೆಯ ಮಹಡಿ, ಅಡುಗೆಮನೆಯ ಬಾಗಿಲಿನ ಪಕ್ಕ ಬಾ ಕೂರುವ ಚಾಪೆ, ಅದರ ಪಕ್ಕ ನಾಯಿಯ ಸ್ಟೀಲ್ ಬಟ್ಟಲು. ಸೊಸೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಬಾ ಬಟ್ಟಲು ಇಟ್ಟರು. ನಾಯಿ ಮೂಸಿತು, ಬಾ ಅವರ ಕಾಲಿನ ಹತ್ತಿರ ಬಂದು ಮಲಗಿತು. ಕಿವಿಗಳು ಮಾತ್ರ ನೆಟ್ಟಗಿದ್ದವು. ನಾನು ಚಾಪೆಯ ತುದಿಯಲ್ಲಿ ಕೂತು ನೋಡುತ್ತಿದ್ದೆ.

“ಬೆಳಿಗ್ಗೆ ಏನಾದರೂ ತಿಂದು ಬಂದೆಯಾ?” ಎಂದರು ಬಾ.

ಆಯ್ತು ಎನ್ನಲು ಬಾಯಿ ತೆರೆದೆ. ಯಾಕೋ, “ಇಲ್ಲ” ಎಂದೆ.

ಅಷ್ಟು ಸಾಕಾಯಿತು. ಉಪವಾಸದವರ ಮನೆಯಿಂದ ಹಸಿದವರು ಹಾಗೇ ಎದ್ದು ಹೋಗುವಂತಿಲ್ಲ. ಬಾ ತಟ್ಟೆ ತಂದು ನನ್ನ ಮುಂದಿಟ್ಟು, ಖಾಖರಾದ ಮೇಲೆ ತುಪ್ಪ ಸವರಿ, ಉಪ್ಪಿನಕಾಯಿ ಹಾಕಿ, ಎದುರಿಗೇ ಕೂತರು. “ತಿನ್ನು. ಇನ್ನೊಂದು ಹಾಕುತ್ತೇನೆ. ಏನು ಹಕ್ಕಿಯ ಹಾಗೆ ತಿನ್ನುತ್ತೀ? ನಿಮ್ಮಮ್ಮ ಹೀಗೇ ಬಿಡುತ್ತಾರಾ?” ನಾನು ಮುರಿದೆ. ಆ ನಿಶ್ಶಬ್ದ ಮನೆಯಲ್ಲಿ ನನ್ನ ಅಗಿಯುವ ಸದ್ದು ನನಗೇ ಅಸಹ್ಯವೆನಿಸುವಷ್ಟು ಜೋರಾಗಿತ್ತು. ಒಬ್ಬರು ಇಷ್ಟು ಹತ್ತಿರ ಕೂತು ನಾನು ತಿನ್ನುವುದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಬಾ ಮೂರನೆಯದನ್ನು ಹಾಕಿ, “ಲೇ, ಖಾ” ಎನ್ನುತ್ತಿದ್ದರು. ತಗೋ, ತಿನ್ನು.

ನಾಯಿ ಎದ್ದಿತು. ಬಟ್ಟಲಿನವರೆಗೆ ಹೋಯಿತು, ಗೋಡೆಗೆ ಮೂಗು ತಾಗಿಸಿ ದಿಕ್ಕು ನೋಡಿಕೊಂಡು ಬಾಯಿ ಹಾಕಿತು. ಬಟ್ಟಲು ನೆಲದ ಮೇಲೆ ಕಿರ್ರೆಂದು ಸರಿಯಿತು. ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ ಸೊಸೆ ಹಾಗೇ ನಿಂತರು. ನಾನು ಅಗಿಯುವುದನ್ನು ನಿಲ್ಲಿಸಿದರೆ ಅದೂ ನಿಲ್ಲಿಸೀತೆಂದು ಹೆದರಿ ನಾನು ಅಗಿಯುತ್ತಲೇ ಇದ್ದೆ.

ಯಾಕೆ ತಿಂದಿತು? ನಾನು ಆಮೇಲೆ ಎಷ್ಟೋ ಯೋಚಿಸಿದೆ. ಸೊಸೆ ಕೂತ ದಿನ ಬಾ ಒಳಕೋಣೆಗೆ ಹೋಗಿದ್ದರು, ಇವತ್ತು ಎದುರಿಗಿದ್ದರು, ಅದಿರಬಹುದೆ? ಬಡಿಸುವಾಗಿನ ಬಾ ಅವರ ದನಿಯೆ? ಅಥವಾ ಅಂದು ಅದಕ್ಕೆ ಬರಿದೇ ಹಸಿವೆಯಾಗಿತ್ತೆ? ಒಂದು ಸಲ ಆದದ್ದರಿಂದ ಏನನ್ನೂ ಹೇಳಲಾಗದು ಎಂದು ನಮಗೆ ಕಲಿಸಿದ್ದಾರೆ. ಮುಂದಿನ ಉಪವಾಸದ ದಿನ ಸೊಸೆ ಬೇಗ ಎದ್ದು ಚಾಪೆಯ ಮೇಲೆ ಕೂತರು, ಬಾ ಬಡಿಸಿದರು, ನಾಯಿ ತಿಂದಿತು. ಸಂಜೆ, ಹೊತ್ತು ಮುಳುಗುವ ಮುಂಚೆ, ಪಕ್ಕದ ಮನೆಯಾಕೆ ಬಂದು ಕೂತರು. ಅರ್ಧ ತಿಂದು ಬಿಟ್ಟಿತು. ಇನ್ನೊಂದು ದಿನ ಯಾರು ಕೂತರೂ ಏಳಲಿಲ್ಲ, ಅರ್ಧ ಸೂಜಿಯೇ ಗತಿಯಾಯಿತು. ಆದರೂ ಉಣ್ಣುವ ದಿನಗಳು ಹೆಚ್ಚಾದವು, ಸಕ್ಕರೆ ಮೊದಲ ಸಲ ನೆಲಕ್ಕೂ ಆಕಾಶಕ್ಕೂ ನಡುವೆ ನಿಂತಿತು. ಬಾ ಅವರ ತಪ ಮುಂದುವರಿಯಿತು. ಸ್ಟೇಷನ್ ದಾರಿಯಲ್ಲೇ ಇದೆ ಎಂದು ನನಗೆ ನಾನೇ ಹೇಳಿಕೊಂಡು ಕೆಲವು ಬೆಳಿಗ್ಗೆ ನಾನೂ ಕೂತು ಬಂದೆ. ಮನೆಯಿರುವ ಚೆಂಬೂರಿನಿಂದ ಮುಲುಂಡಿಗೆ ನಾನು ರೈಲು ಬದಲಿಸುವುದು ಕುರ್ಲಾದಲ್ಲಿ. ಘಾಟ್ಕೋಪರದಲ್ಲಿ ಇಳಿಯುವ ಅಗತ್ಯ ನನಗೆ ಯಾವತ್ತೂ ಇಲ್ಲ.

“ಈಗೇನು ಕೊಟ್ಟೀರಿ ಮೇಡಂ ಇದ್ಕ?” ಎಂದು ಕಾಕಾ ಕೇಳಿದರು.

“ಮೊದಲಿನದೇ ಕಾಕಾ.”

“ಮೊದಲಿನದ ಅಂದ್ರ, ಅದಕ್ಯಾಕ ಆಗ ತಿಳೀಲಿಲ್ಲ, ಈಗ ತಿಳೀತು?”

“ಗೊತ್ತಿಲ್ಲ.”

“ಎಲ್ಲಾ ಓದಿ ಗೊತ್ತಿಲ್ಲ ಅಂತೀರಿ, ಓದಲಾರದ ನಾನೂ ಅದ ಅಂತೀನಿ” ಎಂದು ನಗುತ್ತ ನಾಯಿಯನ್ನು ಇಳಿಸಿದರು.

ಅಕ್ಷಯ ತದಿಗೆಯಂದು ನನ್ನನ್ನೂ ಕರೆದಿದ್ದರು. ಬಂಧುಗಳು ಒಬ್ಬೊಬ್ಬರಾಗಿ ಬಂದು ಸಣ್ಣ ಬೆಳ್ಳಿ ಲೋಟದಿಂದ ಬಾ ಅವರಿಗೆ ಕಬ್ಬಿನ ಹಾಲು ಕುಡಿಸಿದರು. ನನ್ನ ಕೈಗೂ ಲೋಟ ಕೊಟ್ಟರು. ನಾನು ಕುಡಿಸುವಾಗ ಅವರ ಸೀರೆಯ ಮೇಲೆ ಎರಡು ಹನಿ ಚೆಲ್ಲಿತು. 'ನಿನಗೂ ಸಿಹಿ ಬೇಕೇನೋ' ಎಂದು ಯಾರೋ ನಾಯಿಯ ಮೂಗಿಗೆ ಲೋಟ ಹಿಡಿಯಲು ಹೋದಾಗ ನಾನೂ ಸೊಸೆಯೂ ಒಟ್ಟಿಗೆ ಕೂಗಿದೆವು. ಬಾ ನಕ್ಕರು. ಇನ್ನು ದಿನವೂ ಊಟ, ಇನ್ನು ಈ ಪ್ರಕರಣ ಸರಳ ಎಂದು ನಾನು ಹಗುರಾಗಿ ಮನೆಗೆ ಬಂದೆ.

ಮರುದಿನ ಮಧ್ಯಾಹ್ನ ಕಪಾಟುಗಳ ಹಿಂದೆ ಡಬ್ಬಿ ಮುಂದಿಟ್ಟುಕೊಂಡಿದ್ದಾಗ ಫೋನ್ ಬಂತು. ಅಮ್ಮ ಎಂದುಕೊಂಡೆ, ಅಲ್ಲ. ಬಾ.

“ಅವನು ಬೆಳಿಗ್ಗೆಯಿಂದ ತಿಂದಿಲ್ಲ ದೀಕ್ರಿ. ತಟ್ಟೆ ಇಟ್ಟಿದ್ದೇನೆ, ಚಾಪೆಯ ಮೇಲೇ ಇದ್ದೇನೆ. ಮಲಗಿಬಿಟ್ಟಿದ್ದಾನೆ. ಸೊಸೆ ಅರ್ಧ ಸೂಜಿ ಹಾಕಿ ಹೋಗಿದ್ದಾಳೆ.”

ತಪವಿದ್ದಿದ್ದರೆ ಅಂದು ಉಪವಾಸದ ದಿನ. ನಾಯಿ ತಾನೇ ಲೆಕ್ಕ ಇಟ್ಟುಕೊಂಡಿದೆಯೆ ಎಂದು ಒಂದು ಕ್ಷಣ ಅನ್ನಿಸಿತು. ಹಾಗಾಗಲು ಸಾಧ್ಯವಿಲ್ಲ. ಸಾಧ್ಯವಿಲ್ಲವೆ? ಮೈ ಬಿಸಿಯಿದೆಯೆ, ವಾಂತಿಯೆ, ಹೊಟ್ಟೆ ಗಟ್ಟಿಯೆ ಎಂದು ಕೇಳಿದೆ. ಎಲ್ಲಕ್ಕೂ ಇಲ್ಲ. ಮತ್ತೆ ಪ್ರಶ್ನೆಗಳು ಮುಗಿದವು. ಈ ಸಲ ಗೊತ್ತಿದ್ದೇ ಕೇಳಿದೆ.

“ಬಾ, ನಿಮ್ಮದು ಊಟ ಆಯ್ತಾ?”



“ತಟ್ಟೆ ಮುಂದಿದೆ” ಎಂದರು. “ಇಳಿಯುತ್ತಿಲ್ಲ. ಇವತ್ತು ಉಪವಾಸದ ದಿನ ಅಲ್ಲವಾ ಅನ್ನಿಸುತ್ತದೆ. ಒಂದು ತುತ್ತು ಎತ್ತಿ ಅಲ್ಲೇ ಇಟ್ಟೆ.”

ಉಣ್ಣಿ ಎಂದು ಹೇಳಲು ನಾನು ಯಾರು? ಫೋನನ್ನು ಸ್ಪೀಕರಿಗೆ ಹಾಕಿ ಗೋಡೆಗೆ ಒರಗಿಸಿದೆ. ಡಬ್ಬಿಯ ಮುಚ್ಚಳ ತೆಗೆದೆ. ಚಪಾತಿ, ಬೆಂಡೆಕಾಯಿ ಪಲ್ಯ, ಒಂದು ಮೂಲೆಯಲ್ಲಿ ಹಪ್ಪಳ.

“ನಂದೂ ಆಗಿಲ್ಲ ಬಾ” ಎಂದೆ. “ಈಗ ತಿನ್ನುತ್ತೇನೆ. ಫೋನು ಇಡಬೇಡಿ.”

ಹಪ್ಪಳ ಮುರಿದೆ. ಕಾಕಾ ಏನೋ ಕೇಳಲು ಕಪಾಟಿನ ಪಕ್ಕ ಬಂದವರು ಫೋನ್ ನೋಡಿ, ಗೋಡೆ ನೋಡಿ, ನನ್ನ ಮುಖ ನೋಡಿ, ಸದ್ದಿಲ್ಲದೆ ಹಿಂದೆ ಸರಿದರು. ನಾನು ಅಗಿದೆ. ಬಹಳ ಹೊತ್ತು ಆ ಕಡೆಯಿಂದ ಫ್ಯಾನಿನ ಸದ್ದು ಮಾತ್ರ. ಆಮೇಲೆ ಖಾಖರಾ ಮುರಿದದ್ದು ಕೇಳಿತು. ಸಣ್ಣಗೆ, ಒಂದು ತುಂಡು. ಇನ್ನೊಂದು. ನಾನು ಎರಡನೆಯ ಚಪಾತಿಗೆ ಕೈ ಹಾಕಿದೆ.

ಅಮ್ಮನ ಕರೆ ಬಂದು ಫೋನಿನ ತೆರೆಯ ಮೇಲೆ ಮಿನುಗಿ ಹೋಯಿತು. ನನ್ನ ಎರಡನೆಯ ಚಪಾತಿ ಮುಗಿಯುವ ಹೊತ್ತಿಗೆ, ದೂರದಿಂದ, ಸ್ಟೀಲ್ ಬಟ್ಟಲು ನೆಲದ ಮೇಲೆ ಕಿರ್ರೆಂದು ಸರಿದ ಸದ್ದು ಕೇಳಿತು.